ಹರಿವಾಣವನ್ನು ಒಂಟಿ ಬಿಡಬಾರದು

೬ ಮೇ ೨೦೨೩, ಶನಿವಾರ. ಬೆಳಗ್ಗೆ

ಹಾಲಿನ ಪ್ಯಾಕೆಟ್ ಸೋಪು ಹಾಕಿ ತೊಳೆದು, ಒರೆಸಿ, ಫ್ರಿಜ್ಜಿಗಿಟ್ಟೆ. ಚಹಾಕ್ಕೆ ನೀರಿಟ್ಟೆ. ಪೇಪರು ಬಿಡಿಸಿದರೆ ಮೊದಲ ಪುಟದಲ್ಲೇ ಇದೆ — ಕೊರೊನಾ ಇನ್ನು ತುರ್ತುಸ್ಥಿತಿ ಅಲ್ಲವಂತೆ. ಜಿನೀವಾದಲ್ಲಿ ಕೂತವರು ಹೇಳಿಬಿಟ್ಟರು. ಸಂತೋಷ. ಈ ಮನೆಗೆ ಬಂದು ಯಾರು ಹೇಳುತ್ತಾರೆ?

ನಿನ್ನೆ ರಾತ್ರಿ ಊಟದ ಚೆಂದ ಹೀಗಿತ್ತು. ಇವರು ಟಿವಿ ಮುಂದೆ, ತಟ್ಟೆ ತೊಡೆಯ ಮೇಲೆ. ಮಗ ಅದ್ನಾನ್ ಲ್ಯಾಪ್‌ಟಾಪ್ ಮುಂದೆ, ಒಂದು ಕೈ ಅನ್ನದಲ್ಲಿ, ಒಂದು ಕೈ ಕೀಲಿಗಳ ಮೇಲೆ. ಸೊಸೆ ಇನ್ಸಿಯಾ ಹಲ್ಲಿನ ಡಾಕ್ಟರು, ಕ್ಲಿನಿಕ್ಕಿನಿಂದ ತಡವಾಗಿ ಬಂದು ಅಡುಗೆಮನೆ ಕಟ್ಟೆಗೊರಗಿ ನಿಂತೇ ತಿಂದಳು. ಮೊಮ್ಮಗಳು ಅರ್ವಾ ಖಾನೆ ಖಾನೆ ಇರುವ ಗುಲಾಬಿ ತಟ್ಟೆಯಲ್ಲಿ, ಕಾರ್ಟೂನಿನ ಜೊತೆ. ಮಾ — ನನ್ನ ಅತ್ತೆ — ತಮ್ಮ ಕೋಣೆಯಲ್ಲಿ, ಸ್ಟೂಲಿನ ಮೇಲೆ ಸ್ಟೀಲ್ ತಟ್ಟೆ. ಕೊನೆಗೆ ನಾನು, ಒಬ್ಬಳೇ. ಇದು ಮನೆಯಾ, ಲಾಡ್ಜಾ?

ಮೊದಲೆಲ್ಲ ನಮ್ಮ ಬೋಹ್ರಾ ಮುಸ್ಲಿಮರ ಮನೆಯಲ್ಲಿ ಬೇರೆ ತಟ್ಟೆ ಅಂದರೆ ಜ್ವರ ಬಂದವರಿಗೆ ಮಾತ್ರ. ನೆಲಕ್ಕೆ ಸಫ್ರಾ ಹಾಸಿ, ಸ್ಟ್ಯಾಂಡಿನ ಮೇಲೆ ದೊಡ್ಡ ಹರಿವಾಣ ಇಟ್ಟು, ಸುತ್ತ ಮನೆಮಂದಿಯೆಲ್ಲ ಕೂತು, ಬಟ್ಟಲಿನ ಉಪ್ಪಿಗೆ ಒಂದೊಂದು ಬೆರಳು, ಆಮೇಲೆ ಬಿಸ್ಮಿಲ್ಲಾ. ಈಗ ಆ ಹರಿವಾಣ ವಾಷಿಂಗ್ ಮಷೀನಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ಇವತ್ತು ನೋಡಿದರೆ ಅದರ ಅಂಚಿನ ಮೇಲೆ ನೆಲ ಒರೆಸುವ ಬಟ್ಟೆ ಒಣಗಲು ಹಾಕಿದ್ದಾರೆ. ಮೈ ಉರಿದುಹೋಯಿತು.

ಮಾ ಅವರ ತಟ್ಟೆ ಮತ್ತೆ ಹಾಗೇ ವಾಪಸು. ಎರಡು ತುತ್ತು ತಿಂದಿದ್ದರೆ ಹೆಚ್ಚು.

೮ ಮೇ, ಸೋಮವಾರ

ಮಾ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಮತ್ತೆ ತೂಕ ಇಳಿದಿದೆ. ಬಳೆ ಮೊಣಕೈವರೆಗೆ ಜಾರುತ್ತದೆ, ನನಗೆ ತಕ್ಕಡಿ ಬೇಕಾಗಿರಲಿಲ್ಲ. ರಕ್ತ, ಸಕ್ಕರೆ, ಲಿವರು ಎಲ್ಲ ಸರಿ ಇದೆಯಂತೆ. ಡಾಕ್ಟರು ಕನ್ನಡಕ ತೆಗೆದು, ಊಟ ಯಾರ ಜೊತೆ ಮಾಡುತ್ತಾರೆ ಎಂದು ಕೇಳಿದರು. ಒಬ್ಬರೇ ಅಂದೆ. ಜೊತೆಗೆ ಕೂರಿಸಿ, ಈ ವಯಸ್ಸಿನಲ್ಲಿ ಹೀಗೇ ಇಳಿಯುತ್ತಾ ಹೋದರೆ ಮಳೆಗಾಲ ಕಳೆಯುವುದು ಕಷ್ಟ ಎಂದರು. ಮುಖಕ್ಕೆ ಹೊಡೆದ ಹಾಗೆ ಹೇಳಿದರು.

ರಿಕ್ಷಾದಲ್ಲಿ ಮಾ ನನ್ನ ಕೈ ಹಿಡಿದುಕೊಂಡೇ ಇದ್ದರು. ಯಾಕೆ ತಿನ್ನಲ್ಲ, ನನ್ನ ಅಡುಗೆ ಕೆಟ್ಟಿದೆಯಾ ಎಂದು ಕೇಳಿದೆ.

"ಅಡುಗೆ ಚೆನ್ನಾಗೇ ಇದೆ ಕಣೇ ದುರ್ರು. ತಟ್ಟೇಲಿ ಅದು ನನ್ನೊಬ್ಬಳನ್ನೇ ನೋಡ್ತಾ ಇರತ್ತೆ. ನಾನು ಅದನ್ನ ನೋಡ್ತಾ ಇರ್ತೀನಿ. ಆಮೇಲೆ ಸಾಕು ಅನ್ಸತ್ತೆ."

ಆಗಲೇ ತೀರ್ಮಾನ ಮಾಡಿದೆ. ಹರಿವಾಣ ಹೊರಗೆ ಬರಬೇಕು. ಎಲ್ಲರೂ ಕೂರಬೇಕು. ಇದರಲ್ಲಿ ಇನ್ನು ಮಾತಿಲ್ಲ.

೧೦ ಮೇ, ಬುಧವಾರ

ಮಾತಿಲ್ಲ ಅಂದುಕೊಂಡಿದ್ದೆ. ಮಾತೋ ಮಾತು.

ಇವರದು ಗಾಜು, ಬಣ್ಣದ ಅಂಗಡಿ. ಮಧ್ಯಾಹ್ನ ಗಿರಾಕಿ ಬಿಟ್ಟು ಬರುವುದು ಹೇಗೆ, ರಾತ್ರಿ ಸುದ್ದಿ ನೋಡದೆ ಇರುವುದು ಹೇಗೆ ಅಂತ ಇವರ ರಾಗ. ಅಂಗಡಿ ಇವರಪ್ಪನ ಕಾಲದಲ್ಲೂ ಇತ್ತು, ಗಿರಾಕಿಗಳೂ ಇದ್ದರು, ಎಲ್ಲರೂ ಕೂತು ಉಣ್ಣುತ್ತಿದ್ದರು. ಅದ್ನಾನ್‌ಗೆ ಮೀಟಿಂಗು. ಆ ಕಂಪನಿಯವರು ಹಗಲೂ ರಾತ್ರಿ ಮೀಟಿಂಗ್ ಮಾಡುತ್ತಾರೆ, ಕೆಲಸ ಯಾವಾಗ ಮಾಡುತ್ತಾರೋ. ನೆಲದ ಮೇಲೆ ಕೂತರೆ ಬೆನ್ನು ಹಿಡಿಯುತ್ತದೆ ಅಂತಲೂ ಸೇರಿಸಿದ. ಮೂವತ್ತೈದರ ಹುಡುಗ. ಎಂಬತ್ತರ ಮಾ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

ಅರ್ವಾಗೆ ಒಂದೇ ಹರಿವಾಣದಲ್ಲಿ ಎಲ್ಲರೂ ಕೈ ಹಾಕುತ್ತೇವೆ ಅಂದೆ. ಮುಖ ಕಿವುಚಿದಳು. "ಹಾಗಾದ್ರೆ ನನ್ ಗೆರೆ ಎಲ್ಲಿರತ್ತೆ?" ಗೆರೆಯಂತೆ. ಕೊರೊನಾ ಬಂದಾಗ ತೊಡೆಯ ಮೇಲಿದ್ದ ಮಗು, ಮನೆಯ ಹರಿವಾಣ ನೋಡಿದ್ದೇ ಇಲ್ಲ. ಅಳು ಬಂತು, ಸಿಟ್ಟೂ ಬಂತು.

ಇನ್ಸಿಯಾ ಏನೂ ಹೇಳಲಿಲ್ಲ. ಅವಳು ಸುಮ್ಮನಿದ್ದರೆ ನನಗೆ ಇನ್ನೂ ಕೋಪ. ಇಷ್ಟಕ್ಕೂ ಈ ತಟ್ಟೆ ಸಂಸಾರ ಇವಳದೇ. ಬಾಗಿಲ ಬಳಿ ಆ ಸ್ಯಾನಿಟೈಸರ್ ಬಾಟಲಿ ಇನ್ನೂ ಕಾವಲು ನಿಂತಿದೆ. ಬೆಳಗ್ಗೆಯಿಂದ ಸಂಜೆವರೆಗೆ ಕಂಡವರ ಬಾಯಲ್ಲಿ ಕೈ ಇಡುವವಳು, ಮನೆಯವರ ಕೈ ಕಂಡರೆ ಆಗಲ್ಲ! ಅವಳಿಗೆ ಕೇಳುವ ಹಾಗೇ ಗೊಣಗಿದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ ಮಮ್ಮಿ ಎಂದು ಹೋದಳು.

ಹೊರಗೆ ಹೋದ ವರ್ಷದ ರಂಜಾನಿನಲ್ಲೇ ಎಲ್ಲ ಮೊದಲಿನಂತೆ ಆಗಿತ್ತು. ಜಮಾತ್‌ಖಾನೆಯಲ್ಲಿ, ನಮ್ಮವರ ಊಟದ ಭವನದಲ್ಲಿ, ಆಗಿನಿಂದಲೇ ಹರಿವಾಣಕ್ಕೆ ಎಂಟೆಂಟು ಜನ ಕೂರುತ್ತಿದ್ದಾರೆ. ನಾನು ಹೋಗಲಿಲ್ಲ. ಮಾ ಅವರನ್ನು ಬಿಟ್ಟು ಹೇಗೆ ಹೋಗಲಿ? ಇನ್ಸಿಯಾ ತಾನು ಇರುತ್ತೇನೆ ಅಂದಳು. ಅವಳ ಕೈಯಲ್ಲಿ ಬಿಟ್ಟು ಹೋಗುವುದು ನನಗೆ ಸರಿಬರಲಿಲ್ಲ, ಅಷ್ಟೆ.

೧೪ ಮೇ, ಭಾನುವಾರ. ಮಧ್ಯಾಹ್ನ ನಾಲ್ಕು

ತಲೆ ಕೆಟ್ಟು ಮೊಸರಾಗಿದೆ. ಬರೆದರಾದರೂ ಇಳಿಯುತ್ತದಾ ನೋಡೋಣ.

ನಿನ್ನೆಯೇ ಹುಣಸೆಹಣ್ಣು ಹಾಕಿ ಹರಿವಾಣ ಉಜ್ಜಿದೆ. ಬೆಳಗ್ಗೆಯಿಂದ ಒಲೆ ಮುಂದೆ. ಮಾವಿನ ರಸ, ಕೀಮಾ ಸಮೋಸಾ, ದಾಲ್ ಚಾವಲ್, ಅದಕ್ಕೆ ಪಲೀದು ಸಾರು. ಒಂದೂವರೆಗೆ ಸಫ್ರಾ ಹಾಸಿದೆ, ಹರಿವಾಣ ಇಟ್ಟೆ, ಬನ್ನಿ ಅಂತ ಕೂಗಿದೆ. ಬಂದೆ, ಬಂದೆ ಅಂತ ನಾಲ್ಕು ಕಡೆಯಿಂದ ದನಿ ಬಂತು. ನಾನು ಕೂತೆ. ಕೂತದ್ದೇ ತಪ್ಪಾಯಿತು.

ಹರಿವಾಣ ಇಟ್ಟ ಮೇಲೆ ಅದನ್ನು ಒಂಟಿ ಬಿಟ್ಟು ಏಳಬಾರದು. ಯಾರಾದರೂ ಒಬ್ಬರು ಅದರ ಮುಂದೆ ಇರಲೇಬೇಕು. ಮದುವೆಯಾಗಿ ಬಂದ ಮೊದಲ ದಿನವೇ ಮಾ ಹೇಳಿಕೊಟ್ಟದ್ದು — ಅನ್ನ ಕಾಯಬಾರದು ದುರ್ರು, ನಾವು ಅನ್ನಕ್ಕೆ ಕಾಯಬೇಕು. ಸರಿ, ಕಾದೆ. ಅದ್ನಾನ್‌ಗೆ ಭಾನುವಾರವೂ ಅಮೆರಿಕದಿಂದ ಫೋನು. ಇವರಿಗೆ ಪಾರ್ಕಿಂಗಿನಲ್ಲಿ ಯಾರೋ ಗಾಡಿ ಅಡ್ಡ ಇಟ್ಟಿದ್ದಾರೆಂದು ವಾಚ್‌ಮನ್ ಜೊತೆ ಜಗಳ. ಅರ್ವಾ ಬಾತ್‌ರೂಮಿನಲ್ಲಿ. ಇನ್ಸಿಯಾಗೆ ಯಾರದೋ ಹಲ್ಲು ಮುರಿದ ತುರ್ತು, ಫೋನಿನಲ್ಲಿ ಔಷಧಿ ಹೇಳುತ್ತಾ ಬಾಲ್ಕನಿಯಲ್ಲಿ. ಒಳಗೆ ಎಣ್ಣೆ ಹೊಗೆಯಾಡುವ ವಾಸನೆ. ಏಳುವ ಹಾಗಿಲ್ಲ. ಗ್ಯಾಸ್ ಆರಿಸಿ, ಗ್ಯಾಸ್ ಆರಿಸಿ ಅಂತ ಕೂತಲ್ಲಿಂದಲೇ ಕೂಗಿಕೊಂಡೆ. ನನ್ನದೇ ಮನೆಯಲ್ಲಿ ಹರಿವಾಣಕ್ಕೆ ಕಟ್ಟಿಹಾಕಿದ ಮೇಕೆಯ ಹಾಗೆ.

ಮಾ ಮಾತ್ರ ಬಂದರು. ಹೊಸ ಓಢಣಿ ಹೊದ್ದು, ವಾಕರ್ ಊರಿಕೊಂಡು. ಎದುರು ಕೂತರು. ನೀವು ಶುರು ಮಾಡಿ ಅಂದರೆ ತಲೆಯಾಡಿಸಿದರು. ಎಲ್ಲರೂ ಬರಲಿ. ರಸ ಕಪ್ಪಾಗತೊಡಗಿತು. ಸಮೋಸಾ ಮೆತ್ತಗಾಯಿತು. ಸ್ವಲ್ಪ ಹೊತ್ತಿಗೆ ಮಾ ಕುತ್ತಿಗೆ ವಾಲಿಸಿಕೊಂಡು ನಿದ್ದೆ ಹೋದರು.

ಕೊನೆಗೆ ಒಬ್ಬೊಬ್ಬರೇ ಬಂದರು, ಅಯ್ಯೋ ಸಾರಿ ಅಂದರು. ಆಗ ಮಾ ಕಣ್ಣುಬಿಟ್ಟು, ನನಗೆ ಹಸಿವಿಲ್ಲ, ನೀವು ಮಾಡಿ ಎಂದು ಎದ್ದುಹೋದರು. ನಾನು ತಟ್ಟೆಗಳನ್ನು ತಂದು ಅವರವರ ಮುಂದೆ ಕುಕ್ಕಿದೆ. ತಿನ್ನಿ. ಅದೇ ತಾನೆ ಬೇಕಾಗಿದ್ದು.

೧೫ ಮೇ, ಸೋಮವಾರ

ಯಾರ ಜೊತೆಗೂ ಮಾತಿಲ್ಲ. ಜಮಾತ್ ಅಡುಗೆಮನೆಯಿಂದ ಮನೆಮನೆಗೆ ಬರುವ ಡಬ್ಬಿಯ ಊಟವನ್ನೇ ಎಲ್ಲರಿಗೂ ಹಾಕಿದೆ. ಡಬ್ಬಿ ತೊಳೆದು, ಹಿಡಿಕೆ ಒರೆಸಿ, ಆಮೇಲೆ ತೆರೆದೆ. ಹರಿವಾಣ ಮತ್ತೆ ಮಷೀನಿನ ಹಿಂದೆ. ಒರೆಸುವ ಬಟ್ಟೆ ಮಾತ್ರ ಬೇರೆ ಕಡೆ ಹಾಕಿದ್ದಾರೆ. ದೊಡ್ಡ ಉಪಕಾರ.

೨೩ ಮೇ, ಮಂಗಳವಾರ

ಎಂಟು ದಿನ ಬರೆಯಲಿಲ್ಲ. ಏನಿತ್ತು ಬರೆಯಲಿಕ್ಕೆ.

ನಿನ್ನೆ ಬೆಳಗ್ಗೆ ಮಾ ಬಾತ್‌ರೂಮಿನ ಬಾಗಿಲಲ್ಲಿ ತಲೆ ಸುತ್ತಿ ಕುಸಿದರು. ಇನ್ಸಿಯಾ ಹಿಂದೆಯೇ ಇದ್ದಳು, ಹಿಡಿದುಕೊಂಡಳು, ಇಲ್ಲದಿದ್ದರೆ ಸೊಂಟ ಹೋಗುತ್ತಿತ್ತು. ನರ್ಸಿಂಗ್ ಹೋಮಿನಲ್ಲಿ ಎರಡು ಬಾಟಲಿ ಡ್ರಿಪ್. ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು ಅಲ್ಲಿಯವರು. ಸೂಜಿ ಹಾಕಲು ನರ ಸಿಗದೆ ಒದ್ದಾಡಿದರು. ಆ ಕೈ ನೋಡಲು ಆಗಲಿಲ್ಲ ನನಗೆ. ಇಡೀ ಮನೆಗೆ ಉಣಿಸಿದ ಕೈ.

ಇವರು ಹೊರಗೆ ಬೆಂಚಿನ ಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ಕೂತಿದ್ದರು. ನನ್ನನ್ನು ನೋಡದೆಯೇ, ಭಾನುವಾರ ಅಂಗಡಿಯ ಕಡೆ ತಲೆ ಹಾಕಲ್ಲ ಎಂದರು. ಅದ್ನಾನ್ ತಾನಾಗಿಯೇ ಹರಿವಾಣ ತೆಗೆದು ಒರೆಸಿಟ್ಟಿದ್ದ, ಮನೆಗೆ ಬಂದಾಗ ನೋಡಿದೆ. ಬೀಳಬೇಕಿತ್ತಾ ಮಾ, ಇವರಿಗೆ ಬುದ್ಧಿ ಬರಲಿಕ್ಕೆ?

೨೮ ಮೇ, ಭಾನುವಾರ. ಬೆಳಗ್ಗೆ ಹತ್ತು

ಎಲ್ಲ ಸಿದ್ಧ. ಮಟನ್ ನಿನ್ನೆಯಿಂದಲೇ ಮಸಾಲೆಯಲ್ಲಿದೆ. ಮಾ ಅವರಿಗೆ ಇಷ್ಟದ ಗೋಧಿಯ ಸಿಹಿ ಮಲೀದೊ ಮಾಡಿದ್ದೇನೆ, ಬೆಲ್ಲ, ತುಪ್ಪ ಕೈಬಿಚ್ಚಿ ಹಾಕಿ. ಫೋನುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಇವತ್ತು ಮಾ ತಿನ್ನುತ್ತಾರೆ. ನನಗೆ ಗೊತ್ತು.

೨೯ ಮೇ, ಸೋಮವಾರ

ಮಾ ತಿಂದರು. ಅದನ್ನು ಮೊದಲು ಬರೆಯಬೇಕು. ಎಷ್ಟೋ ತಿಂಗಳಿಂದ ತಿನ್ನದಷ್ಟು ತಿಂದರು.

ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದರು. ಗಂಡಸರು ಟೋಪಿ ಹಾಕಿ, ನಾವು ತಲೆ ಮೇಲೆ ಓಢಣಿ ಎಳೆದು. ಅರ್ವಾ ತಂಬಿಗೆ ಹಿಡಿದು ಎಲ್ಲರ ಕೈಗೆ ನೀರು ಹಾಕಿದಳು, ಅರ್ಧ ಸಫ್ರಾದ ಮೇಲೆ. ಉಪ್ಪಿನ ಬಟ್ಟಲು ಸುತ್ತು ಬಂತು. ನಾನೂ ಬೆರಳದ್ದಿದೆ. ಇವರು ಮಾ ಅವರ ಭುಜಕ್ಕೆ ಭುಜ ತಾಗಿಸಿ ಕೂತು ಏನೋ ಹಳೆಯದು ತೆಗೆದು ನಗಿಸಿದರು. ನನ್ನ ಎದೆ ತುಂಬಿತ್ತು. ಗೆದ್ದೆ ಅಂದುಕೊಂಡೆ.

ಮಲೀದೊ ಇಟ್ಟಾಗ ಎಲ್ಲರ ಕೈ ಒಟ್ಟಿಗೆ ಇಳಿಯಿತು. ನನ್ನದು ಇಳಿಯಲಿಲ್ಲ. ಬಡಿಸುತ್ತಿದ್ದೇನಲ್ಲ ಅಂದುಕೊಂಡೆ. ಮಟನ್ ಬಂತು. ಮಾ ತಮ್ಮ ಬೆರಳು ನೆಕ್ಕಿ, ಎಲುಬಿನಿಂದ ಮೆತ್ತನೆಯ ತುಂಡೊಂದನ್ನು ಬಿಡಿಸಿ, ಹರಿವಾಣದ ಮೇಲೇ ಸರಿಸುತ್ತಾ ತಂದು ನನ್ನ ಮುಂದೆ ಇಟ್ಟರು. ಮೊದಲಿಂದಲೂ ಹೀಗೇ. ಮದುವೆಯಾದ ಹೊಸದರಲ್ಲಿ ನಾನು ನಾಚಿಕೊಂಡು ಬರೀ ಅನ್ನ ತಿನ್ನುತ್ತಿದ್ದೆ. ಈ ಮನೆಯಲ್ಲಿ ನನ್ನ ಪಾಲಿಗೆ ಒಳ್ಳೆಯ ತುಂಡು ಬಂದದ್ದೆಲ್ಲ ಮಾ ಅವರ ಬೆರಳಿಂದಲೇ.

ಆ ತುಂಡು ನೋಡಿದೆ. ಅದರ ಮೇಲಿನ ಒದ್ದೆ ನೋಡಿದೆ.

ಬರೆಯಲು ನಾಚಿಕೆ. ಆದರೆ ಇದನ್ನು ಯಾರು ಓದುತ್ತಾರೆ. ಜ್ವರದಲ್ಲಿ ಮಾ ವಾಂತಿ ಮಾಡಿಕೊಂಡಾಗ ಬರಿಗೈಯಲ್ಲಿ ಎತ್ತಿದವಳು ನಾನು. ಅಸಹ್ಯ ಅನಿಸಿರಲಿಲ್ಲ. ನಿನ್ನೆ ಒಂದು ತುಂಡು ಮಾಂಸ ಬಾಯಿಗಿಡಲು ಆಗಲಿಲ್ಲ. ಕೈ ಎತ್ತಿದೆ, ಅಂಚಿನವರೆಗೆ ಒಯ್ದೆ. ಅಲ್ಲಿಂದ ಮುಂದೆ ಹೋಗಲಿಲ್ಲ. ನನ್ನ ಕೈ, ನನ್ನ ಮಾತು ಕೇಳಲಿಲ್ಲ. ಹೋಗು ಅಂತ ಒಳಗೇ ಬೈದೆ. ಬೆವರಿದೆ. ಮಾ ನೋಡುತ್ತಿದ್ದರು.

ಆಗ ಪಕ್ಕದಿಂದ ಇನ್ಸಿಯಾ ಕೈ ಬಂತು. ನನ್ನ ಮುಂದಿದ್ದ ತುಂಡು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

"ಯಾವಾಗ್ಲೂ ಮಮ್ಮಿಗೇ ಕೊಡ್ತೀರಲ್ಲ ಮಾ. ಈ ಸಲ ನಂದು."

ಎಲ್ಲರೂ ನಕ್ಕರು. ಮಾ ಕೂಡ ನಕ್ಕರು, ಕಣ್ಣು ಮಾತ್ರ ನನ್ನ ಮೇಲೇ ಇತ್ತು. ಎಸಿಡಿಟಿ ಅಂದೆ. ಎಲ್ಲರೂ ಉಂಡು, ಕೊನೆಗೆ ಉಪ್ಪು ಮುಟ್ಟಿ ಎದ್ದರು. ಹರಿವಾಣದಲ್ಲಿ ನನ್ನ ಭಾಗ ಹಾಗೇ. ಒಂದು ಅಗುಳೂ ಬಿಡಬಾರದು ನಮ್ಮಲ್ಲಿ. ಬಿಟ್ಟು ಏಳುವ ಹಾಗಿಲ್ಲ, ತಿನ್ನಲೂ ಆಗಲ್ಲ. ನಾನೇ ಉಜ್ಜಿದ ಹರಿವಾಣ. ಮಾ ನನ್ನ ಎದುರಿಗೆ ಇನ್ನೂ ಕೂತಿದ್ದರು.

"ನೀನೇಳು ದುರ್ರು. ನಾನಿರ್ತೀನಿ," ಅಂದರು. ನನ್ನ ಭಾಗದ ಅನ್ನವನ್ನು ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡರು.

೧ ಜೂನ್, ಗುರುವಾರ

ಈಗ ದಿನಾ ರಾತ್ರಿ ಹರಿವಾಣ. ಇವರಿಗಂತೂ ಹುಚ್ಚು ಹಿಡಿದಿದೆ, ಅಂಗಡಿ ಬೇಗ ಮುಚ್ಚಿ ಬರುತ್ತಾರೆ, ಸುದ್ದಿಯ ನೆನಪೂ ಇಲ್ಲ. ಅರ್ವಾ ಹರಿವಾಣದಲ್ಲಿ ಬೆರಳಿಂದ ಗೆರೆ ಎಳೆದುಕೊಳ್ಳುತ್ತಾಳೆ, ಆಮೇಲೆ ತಾನೇ ದಾಟಿ ಅಪ್ಪನ ಸಮೋಸಾ ಕದಿಯುತ್ತಾಳೆ. ಮಾ ತಿನ್ನುತ್ತಿದ್ದಾರೆ. ನಾನು ಅಡುಗೆಮನೆಯಲ್ಲಿ. ಬಿಸಿ ಬಿಸಿ ರೋಟಿ ಆಗಬೇಕಲ್ಲ, ನೀವು ಮಾಡಿ, ನಾನು ಆಮೇಲೆ ಅನ್ನುತ್ತೇನೆ. ಮೊನ್ನೆ ರೋಟಿ, ನಿನ್ನೆ ಪೂರಿ. ನಾಳೆ ಏನು ಕರಿಯುವುದೋ.

ಕಟ್ಟೆಯ ಮುಂದೆ ನಿಂತು ನನ್ನ ತಟ್ಟೆಯಲ್ಲಿ ತಿನ್ನುತ್ತಿದ್ದಾಗ ಇನ್ಸಿಯಾ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಕೂಗಾಡಿದೆ. ಇದೆಲ್ಲ ನಿನ್ನಿಂದ, ತಟ್ಟೆ ತಂದವಳು ನೀನು, ಕೈಗೆ ಆ ಸ್ಯಾನಿಟೈಸರ್ ಸುರಿಸಿ ಸುರಿಸಿ ನನ್ನ ತಲೆಯೊಳಗೂ ಸುರಿದೆ ಅಂದೆ. ಅವಳು ಗ್ಯಾಸ್ ಸಣ್ಣ ಮಾಡಿದಳು.

"ತಟ್ಟೆ ನಾನು ತಂದಿದ್ದಲ್ಲ ಮಮ್ಮಿ. ಎರಡು ವರ್ಷದ ಹಿಂದೆ ಹರಿವಾಣ ಹೊರಗೆ ತೆಗೀಲಾ ಅಂತ ಕೇಳ್ದೆ. ಬೇಡ, ಇನ್ನೊಂದು ಸ್ವಲ್ಪ ದಿನ ಹೋಗ್ಲಿ ಅಂದ್ರಿ. ಆಮೇಲೆ ಕೇಳ್ದಾಗ್ಲೂ ಹಾಗೇ ಅಂದ್ರಿ. ಆ ಬಾಟ್ಲಿ ಖಾಲಿ ಆದಾಗೆಲ್ಲ ತರ್ಸೋರೂ ನೀವೇ."

ಸುಳ್ಳು ಅನ್ನಲು ಹೋದೆ. ಸಿಂಕಿನ ಪಕ್ಕ ಹಾಲಿನ ಪ್ಯಾಕೆಟ್ ಇತ್ತು, ಅದರ ಮೇಲೆ ನನ್ನದೇ ಸೋಪಿನ ನೊರೆ.

"ನಾನು ದಿನವಿಡೀ ಊರವರ ಬಾಯಲ್ಲಿ ಕೈ ಇಡೋಳು. ನಂಗೆ ಎಂಜಲು ಅನ್ನೋದೇ ಮರ್ತೋಗಿದೆ. ನಿಮ್ಗೆ ಅದು ಅಂಟ್ಕೊಂಡಿದೆ, ಅಷ್ಟೆ. ಬೈಕೋಬೇಡಿ ನಿಮ್ಮನ್ನ ನೀವು," ಅಂದಳು.

ಎಂಜಲು. ನೆರೆಮನೆಯ ಕುಲಕರ್ಣಿ ಬಾಯಿಯವರು ನಮ್ಮ ಹರಿವಾಣ ನೋಡಿ, ನಿಮಗೆ ಎಂಜಲಾಗುವುದಿಲ್ಲವಾ ಎಂದು ಕೇಳುತ್ತಿದ್ದರು. ನಾನು ನಗುತ್ತಿದ್ದೆ, ಮನೆಯವರದು ಎಂತಹ ಎಂಜಲು ಅಂತ. ಈಗ ಆ ಮಾತು ನನ್ನ ಗಂಟಲಲ್ಲೇ ಬಂದು ಕೂತಿದೆ. ರೋಗ ಹೋಯಿತು, ಇದನ್ನು ಇಲ್ಲಿ ಬಿಟ್ಟು ಹೋಯಿತು. ಯಾರನ್ನು ಬೈಯಲಿ? ಇಷ್ಟು ದಿನ ಸೊಸೆಯಾದರೂ ಇದ್ದಳು.

೪ ಜೂನ್, ಭಾನುವಾರ. ಸಂಜೆ

ಮಧ್ಯಾಹ್ನ ನಾನು ಪೂರಿ ಕರಿಯುತ್ತಿದ್ದೆ. ಹೊರಗೆ ಹರಿವಾಣ ಇಟ್ಟು ಎಲ್ಲರೂ ಕೂತಿದ್ದರು. ಶುರುವಾದ ಸದ್ದೇ ಇಲ್ಲ. ಇಣುಕಿದರೆ ಮಾ ಉಪ್ಪಿನ ಬಟ್ಟಲನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದಾರೆ. ದುರ್ರಿಯಾ ಬರುವವರೆಗೆ ಉಪ್ಪಿಲ್ಲವಂತೆ. ಎಸಿಡಿಟಿ ಮಾ, ಅಂದೆ. ಪೂರಿ ಆರುತ್ತೆ, ಅಂದೆ. ಅವರು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಅರ್ವಾಗೆ ಏನೋ ಕಿವಿಯಲ್ಲಿ ಹೇಳಿದರು. ಅವಳು ಓಡಿಬಂದು ಕಟ್ಟೆಯ ಮೇಲಿನ ನನ್ನ ತಟ್ಟೆಯನ್ನು ಎತ್ತಿಕೊಂಡು ಹೋದಳು.

ಮಾ ಆ ತಟ್ಟೆಯನ್ನು ಹರಿವಾಣದೊಳಗೇ ಇಟ್ಟರು. ನನ್ನ ಜಾಗದ ಮುಂದೆ, ಅಂಚಿಗೆ ಒತ್ತಿ.

ಇವರಿಗೆ ತಡೆಯಲಾಗಲಿಲ್ಲ. "ಹರಿವಾಣದೊಳಗೆ ತಟ್ಟೆನಾ? ಯಾರ ಮನೇಲಿ ನೋಡಿದೀರಿ ಮಾ?"

"ನನ್ನ ಮನೇಲಿ," ಅಂದರು ಮಾ.

ಹೋಗಿ ಕೂತೆ. ಮುಖ ಉರಿಯುತ್ತಿತ್ತು. ಯಾರಾದರೂ ನಕ್ಕಿದ್ದರೆ ಎದ್ದುಹೋಗುತ್ತಿದ್ದೆ. ಯಾರೂ ನಗಲಿಲ್ಲ. ಇನ್ಸಿಯಾ ಮೊದಲು ನನ್ನ ತಟ್ಟೆಗೆ ಚಮಚದಲ್ಲಿ ಬಡಿಸಿ, ಆಮೇಲೆ ಹರಿವಾಣಕ್ಕೆ ಸುರಿದಳು. ಉಪ್ಪು ಬಂತು, ಬೆರಳಿಟ್ಟೆ. ಅದಕ್ಕೇನೂ ಅನಿಸಲಿಲ್ಲ, ಒಣ ಉಪ್ಪು. ಎಲ್ಲರ ಕೈಗಳೂ ನನ್ನ ತಟ್ಟೆಯ ಆಚೀಚೆ ಓಡಾಡಿದವು, ಒಂದೂ ತಾಗಲಿಲ್ಲ. ಮೂರು ವರ್ಷದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಉಂಡೆ. ಅಳುತ್ತಾ ಉಂಡೆ, ಖಾರ ಅಂದೆ. ನನ್ನದು ಕೊನೆಗೆ ಮುಗಿಯಿತು. ಮಾ ಅಲ್ಲಿವರೆಗೆ ಏಳಲಿಲ್ಲ.

ಆದರೂ ಸಿಟ್ಟು ಹೋಗಿಲ್ಲ. ಮಾ ತಮ್ಮ ಮುಂದಿನ ಒಳ್ಳೆಯ ತುಂಡನ್ನು ಬಿಡಿಸಿ, ಕೈಯಲ್ಲಿ ಹಿಡಿದು, ನನ್ನ ಕಡೆ ನೋಡಿ, ಆಮೇಲೆ ಇನ್ಸಿಯಾ ಕಡೆಗೆ ಸರಿಸಿದರು. ಅದು ನನ್ನದು. ಇಷ್ಟು ವರ್ಷ ನನ್ನದೇ.

೭ ಜೂನ್, ಬುಧವಾರ. ರಾತ್ರಿ ಊಟದ ಮುಂಚೆ

ಇವತ್ತು ಹಾಲಿನ ಪ್ಯಾಕೆಟ್ ತೊಳೆಯದೆ ಫ್ರಿಜ್ಜಿಗಿಟ್ಟೆ. ಹತ್ತು ನಿಮಿಷ ಅಡುಗೆಮನೆಯಿಂದ ಆಚೆ ಬಂದು ನಿಂತೆ. ತಡೆಯಲಾಗಲಿಲ್ಲ, ತೆಗೆದು ತೊಳೆದೆ. ಸೋಪಿಲ್ಲದೆ, ಬರೀ ನೀರಲ್ಲಿ. ನಗು ಬಂತು, ಅಳುವೂ ಬಂತು.

ಮಾ ಅವರ ಬಳೆ ಮೊಣಕೈಗಿಂತ ಸ್ವಲ್ಪ ಕೆಳಗೇ ನಿಲ್ಲುತ್ತಿದೆ. ಡಾಕ್ಟರು ತೂಕ ಆಮೇಲೆ ನೋಡಲಿ, ನಾನು ನೋಡಿಯಾಯಿತು.

ರಾತ್ರಿಗೆ ಖಿಚಡಿ, ಕೀಮಾ. ಹರಿವಾಣ ನಾನೇ ಮಾ ಅವರ ಮುಂದೆ ಇಟ್ಟುಬಂದೆ. ನನ್ನ ತಟ್ಟೆ ಇಲ್ಲಿ ಮೇಜಿನ ಮೇಲೆ, ಈ ಡೈರಿಯ ಪಕ್ಕ. ಒಯ್ಯಲೋ ಬೇಡವೋ ಅಂತ ಇಲ್ಲೇ ಕೂತುಬಿಟ್ಟಿದ್ದೇನೆ. ಒಂದು ತುತ್ತು ಮಾತ್ರ ಹರಿವಾಣದಿಂದ ತಿಂದು ನೋಡಬೇಕು. ನನ್ನ ಅಂಚಿನಿಂದ, ಯಾರೂ ಮುಟ್ಟದ ಕಡೆಯಿಂದ. ಆಗದಿದ್ದರೆ… ಆಗದಿದ್ದರೆ ಇನ್ನೊಂದು ದಿನ. ಇವರು ಇನ್ನೂ ಅಂಗಡಿಯಿಂದ ಬಂದಿಲ್ಲ, ಅದ್ನಾನ್ ಫೋನಲ್ಲಿ, ಇನ್ಸಿಯಾ ಅರ್ವಾಳ ಹಿಂದೆ ಓಡುತ್ತಿದ್ದಾಳೆ.

ಮಾ ಕೂಗುತ್ತಿದ್ದಾರೆ. ಹರಿವಾಣದ ಮುಂದೆ ಒಬ್ಬರೇ. ಏಳುವ ಹಾಗಿಲ್ಲ ಪಾಪ, ಕೂಗುತ್ತಲೇ ಇದ್ದಾರೆ, ದುರ್ರು, ದುರ್ರು ಅಂತ. ತಟ್ಟೆ ಆಮೇಲೆ. ಮೊದಲು ಹೋಗಿ ಕೂತು—